ಎರಡು ಟರ್ಬೊ, ಎರಡು ನಿಮಿಷ

ಒಂದು ಒಗಟು. ಊರು ಮುಟ್ಟಿದ ಮೇಲೂ ಅದು ಓಡುತ್ತಲೇ ಇರುತ್ತದೆ, ಅವಸರದಲ್ಲಿ ನಿಲ್ಲಿಸಿದರೆ ಸಾಯುತ್ತದೆ. ಏನದು? ತಲೆ ಕೆರೆದುಕೊಳ್ಳಬೇಡಿ, ನಿಮ್ಮಿಂದ ಆಗದು. ನನ್ನಿಂದಲೂ ಆಗಿರಲಿಲ್ಲ.

ಒಂದು ಸಂಜೆ ನಮ್ಮ ಗ್ಯಾರೇಜಿನ ಬುಡೇನ್‌ಸಾಬ್ ಉಸ್ತಾದರನ್ನು ಕೇಳಿದೆ: "ಉಸ್ತಾದ್, ಜರ್ಮನಿಯ ಆ ಎರಡು ಹಳೇ ಟರ್ಬೊ ಕಾರುಗಳಲ್ಲಿ ಯಾವುದು ಮೇಲು? ಇಂಜಿನ್ ಹಿಂದಿರುವುದೋ, ಮುಂದಿರುವುದೋ?"

ಉಸ್ತಾದರು ಬೆಳಿಗ್ಗೆಯಿಂದ ಲಾರಿಯ ಕೆಳಗೆ ಮಲಗಿ ಎದ್ದವರು. ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತ, "ಇದನ್ನೇ ಒಬ್ಬ ಅಣ್ಣ ಕೇಳಿದ್ದ," ಎಂದರು. ಅವರು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿಗೆ ಅಂಥ ಎರಡು ಕಾರು, ಇಬ್ಬರು ಗಂಡುಮಕ್ಕಳು. ವ್ಯಾಪಾರಿ ತೀರಿಕೊಂಡ. ಪಾಲಿನಲ್ಲಿ ತಲೆಗೊಂದು ಕಾರು ಎಂದಾಯಿತು. ಮೊದಲು ಆರಿಸುವವನು ಅಣ್ಣ. ಅವನು ತಮ್ಮನನ್ನೂ ಕರೆದುಕೊಂಡು ಹೋಗಿ, ಯಾವುದು ಮೇಲು ಎಂದು ಮೆಕ್ಯಾನಿಕ್ಕನನ್ನು ಕೇಳಿದ.

ಮೆಕ್ಯಾನಿಕ್ ಹೇಳಿದ: "ಇಂಜಿನ್ ಹಿಂದಿರುವುದು ಒತ್ತಿದ ಕೂಡಲೇ ಏಳುವುದಿಲ್ಲ. ಮೂರು ಎಣಿಸಬೇಕು, ಆಮೇಲೆ ಬೆನ್ನಿಗೆ ಒದ್ದ ಹಾಗೆ ನುಗ್ಗುತ್ತದೆ. ತಿರುವಿನಲ್ಲಿ ಹೆದರಿ ಕಾಲು ತೆಗೆದಿರೋ, ಹಿಂಭಾಗವೇ ಮುಂದೆ ಬರುತ್ತದೆ. ಮುಂದಿರುವುದು ಸಾಧು, ಹೇಳಿದ ಹಾಗೆ ಕೇಳುತ್ತದೆ. ಎರಡರಲ್ಲೂ ಘಾಟಿ ಹತ್ತಿ ಇಳಿದು ಬನ್ನಿ. ಬಂದ ಮೇಲೆ ಎರಡು ನಿಮಿಷ ಇಂಜಿನ್ ಓಡಲಿ. ಕಾರು ನಿಂತರೂ, ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ಚಕ್ರ ಕಾದು ಒಳಗೆ ತಿರುಗುತ್ತಿರುತ್ತದೆ. ತಕ್ಷಣ ಆಫ್ ಮಾಡಿದರೆ ಅದಕ್ಕೆ ಆಯಿಲ್ ಹೋಗದೆ ಸುಡುತ್ತದೆ."

ಅಣ್ಣತಮ್ಮಂದಿರು ಒಂದೊಂದು ಕಾರು ಹತ್ತಿ ಪಂದ್ಯ ಕಟ್ಟಿ ಹೊರಟರು. ಹಿಂದೆ ಇಂಜಿನ್ ಇರುವ ಕಾರಿನಲ್ಲಿ ಅಣ್ಣ ಮೊದಲು ಬಂದ. ಬಂದವನೇ ಕೀಲಿ ಕಿತ್ತು ಕೆಳಗೆ ಹಾರಿದ. ತಮ್ಮ ತಡವಾಗಿ ಬಂದ. ಇಂಜಿನ್ ಆಫ್ ಮಾಡದೆ ಒಳಗೇ ಕೂತ.

"ಲೇ, ಇಳಿಯೋ! ಸೋತೆ ಅಂತ ಅಳ್ತಾ ಕೂತಿದ್ದೀಯಾ?"

"ಕಾರಿಗೆ ದಣಿವಾಗಿದೆ ಅಣ್ಣಾ. ಇರು, ಬರ್ತೀನಿ."

ಗೆದ್ದ ಕಾರನ್ನು ಅಣ್ಣ ಒಯ್ದ. ಎಂಟು ತಿಂಗಳಿಗೆ ಅದರ ಟರ್ಬೊ ಸುಟ್ಟಿತು. "ಅಪ್ಪ ಇಪ್ಪತ್ತು ವರ್ಷ ಓಡಿಸಿದ್ದು," ಎಂದು ಅಣ್ಣ ಕಣ್ಣೀರು ಹಾಕಿದ. ತಮ್ಮ ತನ್ನ ಕಾರಿನ ಕೀಲಿ ಕೊಟ್ಟ. ಸುಟ್ಟದ್ದನ್ನು ತಾನು ಒಯ್ದು ರಿಪೇರಿ ಮಾಡಿಸಿಕೊಂಡ.

ಮರುವರ್ಷ ಆ ಸಾಧು ಕಾರಿನ ಟರ್ಬೊವೂ ಅಣ್ಣನ ಕೈಯಲ್ಲಿ ಸುಟ್ಟಿತು. ರಿಪೇರಿಯಾದದ್ದು ತಮ್ಮನ ಬಳಿ ಓಡುತ್ತಲೇ ಇತ್ತು. ಅಪ್ಪನ ಎರಡು ಕಾರನ್ನೂ ಕೆಡಿಸಿದವನು ಮತ್ತೆ ಮೆಕ್ಯಾನಿಕ್ಕನ ಮುಂದೆ ಬಂದು ನಿಂತ.

"ಈಗಲಾದರೂ ನಿಜ ಹೇಳಪ್ಪಾ. ಯಾವುದು ಮೇಲು?"

ಮೆಕ್ಯಾನಿಕ್ ಕೇಳಿದ: "ನೀವು ಯಾವುದರ ಜೊತೆ ಎರಡು ನಿಮಿಷ ಕೂತಿರಿ?"

ಅಣ್ಣ ಕೈಯಲ್ಲಿದ್ದ ಕೀಲಿ ನೋಡಿಕೊಂಡ.

ಸುಳ್ಳು. ಈ ಕೊನೆ ನಾನು ಕಟ್ಟಿದ್ದು. ಯಾವುದು ಮೇಲು ಎಂದು ಅಣ್ಣ ಎರಡನೇ ಸಲ ಕೇಳುವವರೆಗೆ ಹೇಳಿ ಉಸ್ತಾದರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಉಸಿರು ಇನ್ನೂ ಜೋರಾಗಿಯೇ ಇತ್ತು. ನಾನು ಪಕ್ಕದಲ್ಲಿ ಎರಡು ನಿಮಿಷ ಕೂತಿದ್ದರೆ ಮುಂದಿನದನ್ನೂ ಹೇಳುತ್ತಿದ್ದರೋ ಏನೋ. ನಾನು ಎದ್ದು ಹೊರಟುಬಿಟ್ಟಿದ್ದೆ.