ಹಾಳು ಗಣಿಯ ಬಾಯಲ್ಲಿ ಅರ್ಧ ಮಾತು

ಮರಳುಗಾಡಿನ ಅಂಚಿನ ಆಶ್ರಮವೊಂದರಲ್ಲಿ ಶಂಭುಲಿಂಗಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಅಡಿವೆಪ್ಪನಿಗೆ ಒಂದೇ ಹುಚ್ಚು. ಕಮರಿಯ ಕೊನೆಯಲ್ಲಿ ಪಾಳುಬಿದ್ದಿರುವ ಚಿನ್ನದ ಗಣಿಯನ್ನು ನೋಡಬೇಕು.

ಚಿನ್ನದ ಆಸೆಯಲ್ಲ. ಅವನ ತಾತ ಅಲ್ಲಿ ಕಲ್ಲು ಒಡೆದವನು. ಒಳಗಿನ ಗೋಡೆಯ ಮೇಲೆ ತನ್ನ ಹೆಸರು ಕೆತ್ತಿದ್ದೇನೆ ಎಂದು ಸಾಯುವವರೆಗೂ ಹೇಳುತ್ತಿದ್ದ. ಆ ಹೆಸರನ್ನು ಒಮ್ಮೆ ಮುಟ್ಟಿ ನೋಡಬೇಕು, ಅಷ್ಟೇ.

ಕಾಡಿ ಬೇಡಿ ಒಂದು ದಿನ ಗುರುಗಳನ್ನು ಒಪ್ಪಿಸಿಯೇಬಿಟ್ಟ.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಕಮರಿಗೆ ಇಳಿದರು. ದಾರಿಯಲ್ಲಿ ಎಲ್ಲೂ ನೀರಿಲ್ಲ. ಜೊತೆಗಿದ್ದದ್ದು ಒಂದೇ ತತ್ರಾಣಿ ನೀರು, ಅದೂ ಅಡಿವೆಪ್ಪನ ಹೆಗಲಲ್ಲಿ.

ಅವನ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಓಡುವುದು, ಕೆಂಪು ಬಂಡೆ ಹತ್ತುವುದು, "ಗುರುಗಳೇ, ಇಲ್ಲಿ ನೋಡಿ!" ಎಂದು ಕೂಗುವುದು, ಗಟಗಟ ನೀರು ಕುಡಿಯುವುದು. ಮತ್ತೆ ಓಟ.

"ನಿಧಾನ ಕಣಪ್ಪ. ಗಣಿ ಎದ್ದು ಓಡಿಹೋಗಲ್ಲ," ಎಂದರು ಗುರುಗಳು.

"ನನ್ನ ಕೈಲಿ ಆಗ್ತಿಲ್ಲ, ಗುರುಗಳೇ!"

ಬಿಸಿಲು ನೆತ್ತಿಗೇರಿದಾಗ ತಿರುವಿನಾಚೆ ಗಣಿಯ ಬಾಯಿ ಕಾಣಿಸಿತು. ಅಡಿವೆಪ್ಪ ಕುಣಿದೇಬಿಟ್ಟ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಂಜು ಹೊತ್ತಿಸಿದವನೇ "ನಾನು ಹೋಗ್ತೀನಿ!" ಎಂದು ಒಳಗೆ ನುಗ್ಗಲು ಹೊರಟ.

ಗುರುಗಳು ಗಣಿಯ ಬಾಯಿಗೆ ಅಡ್ಡಲಾಗಿ ಕೂತರು.

"ಏನಂದೆ?"

"ಹೋಗ್ತೀನಿ ಅಂದೆ."

"ಮನೆಯಿಂದ ಹೊರಡುವಾಗ ನಿಮ್ಮವ್ವನಿಗೂ ಹೀಗೇ ಹೇಳ್ತಿದ್ದೆಯಾ?"

ಅಡಿವೆಪ್ಪ ನಾಲಗೆ ಕಚ್ಚಿಕೊಂಡ. ಹಾಗೆಂದರೆ ಅವ್ವ "ಬಿಡ್ತು ಅನ್ನೋ" ಎಂದು ಗದರುತ್ತಿದ್ದಳು.

"ತಪ್ಪಾಯ್ತು. ಹೋಗಿ ಬರ್ತೀನಿ, ಗುರುಗಳೇ."

ಗುರುಗಳು ತತ್ರಾಣಿಯನ್ನು ಇಸಿದುಕೊಂಡು ಅವನ ಕಿವಿಯ ಹತ್ತಿರ ಕುಲುಕಿದರು. ತಳದಲ್ಲಿ ಒಂದಿಷ್ಟು ನೀರು ಸದ್ದು ಮಾಡಿತು.

"'ಹೋಗಿ' ಅನ್ನೋದನ್ನ ದಾರಿಯಲ್ಲೇ ಕುಡಿದು ಮುಗಿಸಿದೀಯ. ಇದರಲ್ಲಿ ಉಳಿದಿರೋದು 'ಬರ್ತೀನಿ' ಮಾತ್ರ. ಅದೂ ಇಬ್ಬರಿಗೆ."

ಗಣಿಯೊಳಗಿಂದ ತಣ್ಣನೆಯ ಗಾಳಿ ಬಂದು ಅಡಿವೆಪ್ಪನ ಮುಖಕ್ಕೆ ತಾಗಿತು.

"ಒಂದೇ ಒಂದು ಗಳಿಗೆ. ತಾತನ ಹೆಸರು ಮುಟ್ಟಿ ಓಡಿ ಬಂದುಬಿಡ್ತೀನಿ."

"ಹೆಸರು ಎಷ್ಟು ದೂರ ಒಳಗಿದೆ?"

"ಗೊತ್ತಿಲ್ಲ."

ಗುರುಗಳು ಎದ್ದು ಪಕ್ಕಕ್ಕೆ ಸರಿದರು. ದಾರಿ ಬಿಟ್ಟರು.

ಅಡಿವೆಪ್ಪ ಒಮ್ಮೆ ಕತ್ತಲೆಯನ್ನು ನೋಡಿದ. ಒಮ್ಮೆ ಗುರುಗಳ ಒಣಗಿದ ತುಟಿಗಳನ್ನು ನೋಡಿದ. ಬೆಳಗಿನಿಂದ ಅವರು ಒಂದು ಗುಟುಕೂ ಕುಡಿದಿಲ್ಲವೆಂದು ಆಗ ಹೊಳೆಯಿತು. ನಾಚಿಕೆಯಾಯಿತು. ಪಂಜನ್ನು ಮರಳಿಗೆ ಒತ್ತಿ ಆರಿಸಿದ.

"ಬಾಗಿಲವರೆಗೂ ಬಂದು ವಾಪಸ್ ಹೊರಟಿದೀನಲ್ಲ, ತಾತನಿಗೆ ಏನಂತ ಹೇಳಲಿ?"

ಗುರುಗಳು ಆಗಲೇ ನಾಲ್ಕು ಹೆಜ್ಜೆ ಇಟ್ಟಿದ್ದರು. ತಿರುಗಿ ನಕ್ಕರು.

"ಹೋಗಿ ಬರ್ತೀನಿ ಅಂತ ಹೇಳು."