ನರಿಯ ಸರಾಸರಿ ಊಟ

ಒಂದು ಕಾಡಿತ್ತು ಮಕ್ಕಳೇ. ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ನಾನು ಸೀನಿದರೆ ಆ ತುದಿಯ ಗುಬ್ಬಚ್ಚಿ ಮಾರನೆಯ ದಿನ ಬೆಚ್ಚಿಬೀಳುತ್ತಿತ್ತು. ನಂಬಿಕೆಯಿಲ್ಲದಿದ್ದರೆ ಆ ಗುಬ್ಬಚ್ಚಿಯನ್ನೇ ಕೇಳಿ.

ಅಲ್ಲಿನ ಪ್ರಾಣಿಗಳು ಬೇಸಾಯ ಮಾಡುತ್ತಿದ್ದವು. ತಗ್ಗಿನಲ್ಲಿ ಕೆರೆಯಿತ್ತು, ಅಲ್ಲಿನ ಹಂದಿಗಳಿಗೆ ವರ್ಷಕ್ಕೆ ಮೂರು ಬೆಳೆ. ದಿಬ್ಬದ ಮೇಲೆ ಬರೀ ಕಲ್ಲು; ಅಲ್ಲಿನ ಮೊಲಗಳಿಗೆ ಮಳೆ ಬಂದರೆ ಒಂದಿಷ್ಟು ರಾಗಿ, ಬಾರದಿದ್ದರೆ ಅದೂ ಇಲ್ಲ. ಅದಕ್ಕೇ ಸುಗ್ಗಿಯಲ್ಲಿ ಎಲ್ಲವೂ ಒಂದೊಂದು ಪಾಲು ರಾಗಿಯನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಸುರಿಯುತ್ತಿದ್ದವು. ಬೇಸಿಗೆಯಲ್ಲಿ ಅದನ್ನು ಹಸಿದವರಿಗೆ ಹಂಚಬೇಕು. ಯಾರೂ ಹಸಿದಿಲ್ಲದಿದ್ದರೆ ರಾಗಿಯೆಲ್ಲ ಕಾವಲುಗಾರನಿಗೆ.

ಕಾವಲು ಯಾರದು? ನರಿಯದು. ಹಸಿದವರನ್ನು ಎಣಿಸುವುದು ಯಾರು? ಅದೂ ನರಿಯೇ!

ಆ ವರ್ಷ ದಿಬ್ಬಕ್ಕೆ ಮಳೆ ಕೈಕೊಟ್ಟಿತು. ಮೊಲದ ಮರಿಗಳು ನೀರು ಕುಡಿದು ಮಲಗುತ್ತಿದ್ದವು. ನರಿ ದಿಬ್ಬ ಹತ್ತಲೇ ಇಲ್ಲ. ತಗ್ಗಿನ ಹೊಂಗೆ ನೆರಳಲ್ಲಿ ಕೂತು ಎಲ್ಲರನ್ನೂ ಅಲ್ಲಿಗೇ ಕರೆಸಿತು.

“ಹಂದಿಯಣ್ಣ, ದಿನಕ್ಕೆ ಎಷ್ಟು ಊಟ?”

“ಆರು. ನಡುವೆ ಬಾಯಾಡಿಸಿದ್ದನ್ನೂ ಹೇಳಬೇಕಾ?”

“ಬೇಡ ಬೇಡ. ಮೊಲದಜ್ಜಿ, ನಿನಗೆ?”

“ಒಂದೂ ಇಲ್ಲಪ್ಪ.”

“ಆರು, ಸೊನ್ನೆ. ಸರಾಸರಿ ಮೂರು! ಇಡೀ ಕಾಡು ದಿನಕ್ಕೆ ಮೂರು ಹೊತ್ತು ಉಣ್ಣುತ್ತಿದೆ!”

“ಹಾಗಾದರೆ ನನ್ನ ಮೂರು ಊಟ ಎಲ್ಲಿ?”

“ಲೆಕ್ಕದಲ್ಲಿದೆ ಅಜ್ಜಿ.”

ಅಷ್ಟರಲ್ಲಿ ಹಂದಿ ಡರ್ರನೆ ತೇಗಿತು. “ಅಗೋ, ಅಲ್ಲಿದೆ,” ಎಂದಿತು ಅಜ್ಜಿ.

ದೂರು ಕಾಡಿನ ಯಜಮಾನ ಆನೆಯ ಹತ್ತಿರ ಹೋಯಿತು. ಆನೆ ಒಳ್ಳೆಯದು, ಆದರೆ ಬಲು ನಿಧಾನ. ಅದು ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ನಾನು ಎರಡು ಲೋಟ ಕಾಫಿ ಮುಗಿಸಿದ್ದೇನೆ. “ಲೆಕ್ಕ ಸರಿಯಾಗೇ ಇದೆಯಲ್ಲ?” ಎಂದು ಕಿವಿ ಬೀಸಿತು.

ಅಜ್ಜಿ ಕೈಮುಗಿಯಿತು. “ಆಗಲಿ ಯಜಮಾನರೇ. ಇಷ್ಟು ಬುದ್ಧಿವಂತ ನರಿಗೆ ಮರ್ಯಾದೆ ಬೇಡವೇ? ಮೂರು ದಿನ ನಿಮ್ಮ ಪಂಕ್ತಿಯಲ್ಲೇ ಊಟ ಮಾಡಲಿ, ಅದರದೇ ಸರಾಸರಿ ಲೆಕ್ಕದಲ್ಲಿ. ಆಮೇಲೂ ಲೆಕ್ಕ ಸರಿ ಅಂದರೆ ರಾಗಿಯೆಲ್ಲ ಅದಕ್ಕೇ.”

ಆನೆಯ ಊಟದಲ್ಲಿ ಅರ್ಧ! ನರಿಗೆ ಬಾಯಲ್ಲಿ ನೀರೂರಿತು. “ಇವತ್ತೇ ಶುರುವಾಗಲಿ!” ಎಂದಿತು.

ಮೊದಲ ದಿನ ಆನೆ ನಲವತ್ತು ಮುದ್ದೆ ನುಂಗಿತು. ನರಿಯ ಎಲೆ ಖಾಲಿ. “ನನಗೆ ನಲವತ್ತು, ನಿನಗೆ ಸೊನ್ನೆ. ಸರಾಸರಿ ಇಪ್ಪತ್ತು! ಸ್ವಲ್ಪ ಅಡ್ಡಾಡಿ ಬಾರಪ್ಪ, ಅಜೀರ್ಣವಾದೀತು.”

ಎರಡನೆಯ ದಿನ ಆನೆ ಅರವತ್ತು ನುಂಗಿತು. “ಮೂವತ್ತು ಮುದ್ದೆ! ಎಲ್ಲಿ ತುಂಬಿಕೊಳ್ತೀಯೋ, ನಾಚಿಕೆ ಆಗಲ್ವಾ?”

ಮೂರನೆಯ ದಿನ ನರಿ ಖಾಲಿ ಎಲೆಯನ್ನೇ ಅಗಿಯಿತು. “ಯಜಮಾನರೇ, ತಪ್ಪಾಯ್ತು! ಸರಾಸರಿ ಗಂಟಲಲ್ಲಿ ಇಳಿಯಲ್ಲ!”

ಆಗ ಆನೆಗೆ ಅರ್ಥವಾಯಿತು. ಹಗೇವು ತೆರೆಸಿತು. ರಾಗಿ ಮೂಟೆ ಹೊತ್ತು ನರಿ ಮೊದಲ ಸಲ ದಿಬ್ಬ ಹತ್ತಿತು. ಏದುಸಿರು ಬಿಡುತ್ತಾ ಮನೆಮನೆಯ ಮಡಕೆಯೊಳಗೆ ಇಣುಕಿ ನೋಡಿತು, ಖಾಲಿಯಿದ್ದಲ್ಲೆಲ್ಲ ಸುರಿಯಿತು. ಕೊನೆಯ ಮನೆ ಮೊಲದಜ್ಜಿಯದು. ಅಜ್ಜಿ ಮುದ್ದೆ ಕಟ್ಟಿ ಮರಿಗಳಿಗೆ ಬಡಿಸಿತು. ನರಿಯ ಮುಂದೂ ಒಂದಿಟ್ಟಿತು.

“ತಿನ್ನಪ್ಪ. ಇದು ಸರಾಸರಿ ಅಲ್ಲ, ಮುದ್ದೆ.”

ನೀತಿ: ಒಬ್ಬರ ತುಂಬಿದ ಹೊಟ್ಟೆ ತೋರಿಸಿ ಇನ್ನೊಬ್ಬರ ಹಸಿವನ್ನು ಇಲ್ಲವೆನ್ನಬಾರದು; ಹಸಿವನ್ನು ತಿಳಿಯಬೇಕಾದರೆ ಹಸಿದವರ ಮನೆಗೇ ಹೋಗಿ ನೋಡಬೇಕು.