ಕಂದು ಬಣ್ಣದ ಅಂಚು

ನದಿ ದಂಡೆಯ ಆಶ್ರಮದಲ್ಲೊಂದು ಆಸ್ಪತ್ರೆ. ಅಲ್ಲಿನ ದೊಡ್ಡ ಡಾಕ್ಟರು ಉಮಾಬಾಯಿ, ಎಲ್ಲರ ಬಾಯಲ್ಲಿ ಅಕ್ಕಾರು. ಅವರ ಕೈಕೆಳಗೆ ಆಪರೇಶನ್ ಕಲಿಯಲು ಬಂದವನು ಸಂಗಮನಾಥ. ಕೈ ಚುರುಕು, ನಾಲಿಗೆ ಇನ್ನೂ ಚುರುಕು.

ಒಂದು ದಿನ ನೀಲವ್ವ ಬಂದಳು. ಗರ್ಭಕೋಶದ ಬಾಯಿಯ ಮೇಲೆ ಕೆಟ್ಟ ಕೋಶಗಳು ಕಂಡಿದ್ದವು. ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದದ್ದು.

"ಗರ್ಭಚೀಲಾನ ತಗದು ಒಗೀರಿ ಅಕ್ಕಾರ. ನಮ್ಮವ್ವ ಇದರಾಗ ಹೋದ್ಲು. ನಂಗ ನಿದ್ದೀನ ಹತ್ತವಲ್ದು," ಎಂದಳು.

"ನಾಳೇನ ತಗಿಯೂಣೇನ್ರಿ?" ಎಂದ ಸಂಗಮನಾಥ.

"ಮೊದಲ ಗರ್ಭಚೀಲದ ಬಾಯಿಂದ ಒಂದು ತುಣುಕು ಕೊಯ್ದು ಪರೀಕ್ಷೆಗೆ ಕಳಸು."

"ಹೆಂಗೂ ಪೂರಾ ತಗಿಯೂದ ಐತಿ. ಎರಡು ಸಲ ಯಾಕ ಕೊಯ್ಯೂದು?"

"ಒಳಗ ಕ್ಯಾನ್ಸರ್ ಅಡಗಿ ಕೂತಿದ್ರ?"

ಸಂಗಮನಾಥನಿಗೆ ಆಗ ಹೊಳೆಯಿತು. ಕ್ಯಾನ್ಸರ್ ಇದ್ದರೆ ಬರೀ ಗರ್ಭಕೋಶ ತೆಗೆದರೆ ಸಾಲದು, ಬೇರೆಯದೇ ಚಿಕಿತ್ಸೆ ಬೇಕು. ತೆಗೆದಾದ ಮೇಲೆ ಗೊತ್ತಾದರೆ ನೀಲವ್ವನ ಜೀವದ ಪ್ರಶ್ನೆ.

ತುಣುಕು ಕೊಯ್ದು ಕಳಿಸಿದ. ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಆದರೆ ತುಣುಕಿನ ಅಂಚಿನವರೆಗೂ ಕೆಟ್ಟ ಕೋಶಗಳಿದ್ದವು, ಅಂದರೆ ಒಳಗೆ ಇನ್ನೂ ಉಳಿದಿತ್ತು. ಮತ್ತೊಂದು ತುಣುಕು ಕೊಯ್ಯಲು ಗರ್ಭಕೋಶದ ಬಾಯಿಯಲ್ಲಿ ಜಾಗವಿರಲಿಲ್ಲ. ನೀಲವ್ವನ ಮಕ್ಕಳೆಲ್ಲ ದೊಡ್ಡವರಾಗಿದ್ದರು. ಇನ್ನು ಗರ್ಭಕೋಶ ತೆಗೆಯುವುದೇ ಸರಿ ಎಂದು ಅಕ್ಕಾರೇ ಹೇಳಿದರು.

"ಹಂಗಾದ್ರ ನಾಳೆ?" ಎಂದ ಸಂಗಮನಾಥ.

ಹಿಂದಿನ ದಿನ ಇಂಜೆಕ್ಷನ್ ಸೀಸೆಯ ಕತ್ತು ಮುರಿಯುವಾಗ ಸಂಗಮನಾಥನ ಹೆಬ್ಬೆರಳು ಕೊಯ್ದು, ಕೆಂಪಗೆ ಬಾತಿತ್ತು. ಅಕ್ಕಾರು ಮಾತಾಡದೆ ಆ ಬೆರಳು ಹಿಡಿದು ಒತ್ತಿದರು.

"ಅಯ್ಯಯ್ಯೋ, ಬಿಡ್ರಿ!"

"ಇದರ ಮ್ಯಾಲೆ ಈಗ ಚಾಕು ಹಾಕ್ಲೇನು?"

ತುಣುಕು ಕೊಯ್ದ ಗರ್ಭಕೋಶದ ಬಾಯಿಯೂ ಈಗ ಹೀಗೇ ಬಾತಿರುತ್ತದೆ. ಅಲ್ಲಿ ಕೈಯಾಡಿಸಿದರೆ ರಕ್ತ ಸುರಿಯುತ್ತದೆ, ಪಕ್ಕಕ್ಕೆ ಅಂಟಿಕೊಂಡ ಮೂತ್ರಕೋಶವನ್ನು ಬಿಡಿಸುವುದು ಕಷ್ಟ. ಅರ್ಥವಾಯಿತು. ಆದರೂ ಅವನು ಬಿಡಲಿಲ್ಲ.

"ಗಾಯ ಮಾಯೂದ್ರಾಗ ಆ ಕೆಟ್ಟದ್ದು ಬೆಳೆದ್ರ?"

"ಅದಕ್ಕ ಬೆಳಿಯಾಕ ವರ್ಷಗಟ್ಟಲೆ ಬೇಕೋ ತಮ್ಮಾ. ಗಾಯ ಮಾಯಾಕ ಒಂದೂವರೆ ತಿಂಗಳು ಸಾಕು. ಇದನ್ನ ನೀಲವ್ವಗ ನೀನ ಹೇಳು."

ಅವನು ಹೋಗಿ, ಪಕ್ಕದಲ್ಲಿ ಕೂತು, ನಿಧಾನವಾಗಿ ಹೇಳಿದ. ಅವತ್ತು ನೀಲವ್ವನಿಗೆ ನಿದ್ದೆ ಹತ್ತಿತು.

ಗಾಯ ಮಾಯಿತು. ಆಪರೇಶನ್ ದಿನ ಸಂಗಮನಾಥ, ಹೊಟ್ಟೆಯ ಸಣ್ಣ ತೂತಿನಿಂದ ಒಳಗಿಳಿಸುವ ಕ್ಯಾಮೆರಾವನ್ನು ತಾನೇ ಸಜ್ಜು ಮಾಡಿಟ್ಟುಕೊಂಡಿದ್ದ. ನೀಲವ್ವನಿಗೆ ಅರಿವಳಿಕೆ ಕೊಟ್ಟಾಗಿತ್ತು.

"ಎಲ್ಲಿಂದ ಹೋಗ್ತಿ?" ಅಕ್ಕಾರು ಕೇಳಿದರು.

"ಮ್ಯಾಲಿಂದ್ರಿ, ಕ್ಯಾಮೆರಾದಾಗ. ಅದರಾಗ ನನ್ನ ಕೈ ಪಳಗೈತಿ."

"ಕೆಟ್ಟಿದ್ದು ಎಲ್ಲಿ ಮುಗಿತೈತಿ?"

"ಗರ್ಭಕೋಶದ ಬಾಯಾಗ ಐತ್ರಿ."

"ಎಲ್ಲಿ ಐತಿ ಅಂತ ನಾ ಕೇಳಲಿಲ್ಲ."

ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಅವನ ಮುಂದೆ ಹಿಡಿದರು. ಅವನು ಕೆಳಗಿನಿಂದ, ಯೋನಿಮಾರ್ಗದ ಒಳಗೆಲ್ಲ ಸವರಿದ. ಆರೋಗ್ಯವಾಗಿದ್ದ ಭಾಗ ಗಾಢ ಕಂದು ಬಣ್ಣ ಹಿಡಿಯಿತು. ಕೆಟ್ಟದ್ದು ಕಂದಾಗದೆ ತಿಳಿ ಹಳದಿಯಾಗಿ ಕಂಡಿತು.

ಆ ಹಳದಿ ಗರ್ಭಕೋಶದ ಬಾಯಿಗೇ ನಿಂತಿರಲಿಲ್ಲ. ಒಂದು ಕಡೆ ಯೋನಿಯ ಗೋಡೆಗೂ ಇಳಿದಿತ್ತು.

ಸಂಗಮನಾಥ ಬಗ್ಗಿ ಮತ್ತೊಮ್ಮೆ ನೋಡಿದ. ಮೇಲಿನ ಕ್ಯಾಮೆರಾಗೆ ಇದು ಕಾಣುವುದಿಲ್ಲ. ಅವನು ರೂಢಿಯ ಜಾಗದಲ್ಲಿ ಕೊಯ್ದು ಹೊಲಿದಿದ್ದರೆ, ಈ ತುಣುಕು ಹೊಲಿಗೆಯಡಿ ಮುಚ್ಚಿಹೋಗಿ ಅಲ್ಲೇ ಬೆಳೆಯುತ್ತಿತ್ತು. ನೀಲವ್ವ ಮಾತ್ರ ಗುಣವಾಯಿತೆಂದು ಮನೆಗೆ ಹೋಗಿರುತ್ತಿದ್ದಳು.

ಅವನು ಗರ್ಭಕೋಶವನ್ನು ಮೆಲ್ಲಗೆ ಎಳೆದು ನೋಡಿದ. ಸಲೀಸಾಗಿ ಕೆಳಗಿಳಿಯಿತು, ಕೆಳಗಿನಿಂದಲೇ ತೆಗೆಯಬಹುದಿತ್ತು.

"ಸಿಸ್ಟರ್, ಕ್ಯಾಮೆರಾ ಎತ್ತಿಡ್ರಿ," ಎಂದ. "ಕೆಳಗಿಂದ ಹೋಗೂಣು. ಇಲ್ಲಿಂದ ಎಲ್ಲಾ ಕಾಣ್ತೈತಿ."

ಹಳದಿ ಮುಗಿದು ಕಂದು ಶುರುವಾಗುವ ಕಡೆ ಬೆರಳಿಟ್ಟ. ಕೆಟ್ಟದ್ದು ಚೂರೂ ಉಳಿಯಬಾರದೆಂದು ಅಲ್ಲಿಂದ ಸ್ವಲ್ಪ ಆಚೆಗೆ, ಕಂದಿನೊಳಕ್ಕೆ ಸರಿಸಿದ. ಈಗ ಅವನ ದನಿಯಲ್ಲಿ ಅವಸರವಿರಲಿಲ್ಲ.

"ಇಲ್ಲಿ ಮುಗಿತೈತ್ರಿ ಅಕ್ಕಾರ."

ಅಕ್ಕಾರು ಚಾಕನ್ನು ಅವನ ಕೈಗಿತ್ತರು.

"ಹಂಗಾದ್ರ ಅಲ್ಲಿಂದನ ಸುರು ಮಾಡು."